ಸೀಟು ಮೊದ್ಲು, ಮಣ್ಣು ಆಮೇಲೆ: ಟೆಕ್ಸಾಸ್‌ನ ಒಂದು ಕ್ರಿಕೆಟ್ ಸ್ಟೇಡಿಯಂ ಪ್ರಕರಣ

ಇದು ಟೆಕ್ಸಾಸ್‌ನ ಒಂದು ಊರಿನ ಕೇಸು. ಊರಿನ ಹೆಸರು, ಜನರ ಹೆಸರು, ಕಂಪನಿ ಹೆಸರು ಯಾವುದೂ ಹೇಳಲ್ಲ, ಕೆಲವು ಚಿಕ್ಕಪುಟ್ಟ ವಿವರಗಳನ್ನ ಗುರುತು ಸಿಗದ ಹಾಗೆ ಬದಲಾಯಿಸಿದೀನಿ, ಆದ್ರೆ ಯಾವ ನಿರ್ಧಾರ ಯಾವಾಗ ತಗೊಂಡ್ವಿ, ಎಲ್ಲಿ ಎಡವಿದ್ವಿ ಅನ್ನೋದು ಇದ್ದದ್ದು ಇದ್ದ ಹಾಗೇ ಇದೆ. ನಾನು ಸಿವಿಲ್ ಇಂಜಿನಿಯರ್, ಸೈಟ್ ಡ್ರೈನೇಜ್ ನನ್ನ ಕೆಲಸ, ಅಂದ್ರೆ ಮಳೆ ನೀರು ಎಲ್ಲಿ ಬೀಳುತ್ತೆ ಎಲ್ಲಿಗೆ ಹೋಗುತ್ತೆ ಅಂತ ಲೆಕ್ಕ ಹಾಕೋದು. ಶನಿವಾರದ ಲೀಗ್‌ನಲ್ಲಿ ಆಡ್ತಿದ್ದೆ, ಆ ಪರಿಚಯದ ಮೇಲೆ ಊರಲ್ಲಿ ಕ್ರಿಕೆಟ್ ಸ್ಟೇಡಿಯಂ ಮಾಡೋ ಕಮಿಟಿಗೆ ಕರೆದ್ರು, ಹೋದೆ.

ಮೊದ್ಲು ನಮ್ಮ ಪರಿಸ್ಥಿತಿ ಏನಿತ್ತು ಅಂತ ಹೇಳ್ತೀನಿ. ಕೌಂಟಿ ಪಾರ್ಕ್‌ನಲ್ಲಿ ಎರಡು ಸಾಕರ್ ಮೈದಾನದ ನಡುವೆ ಒಂದು ಕಾಂಕ್ರೀಟ್ ಪಟ್ಟಿ, ಅದರ ಮೇಲೆ ಹಸಿರು ಮ್ಯಾಟ್, ಬೆಳಿಗ್ಗೆ ಏಳಕ್ಕೇ ಹೋಗಿ ಹಾಸ್ಬೇಕು, ಮಧ್ಯಾಹ್ನ ಸಾಕರ್ ಮಕ್ಕಳು ಬರೋಷ್ಟರಲ್ಲಿ ಸುತ್ತಿ ಯಾರದಾದ್ರೂ ಗ್ಯಾರೇಜಿಗೆ ಸಾಗಿಸ್ಬೇಕು. ಅಮೆರಿಕದಲ್ಲಿ ಕ್ರಿಕೆಟ್ ಆಡೋ ಬಹುತೇಕ ಜನ ಹೀಗೇ ಆಡಿರೋದು. ಅಂಥದ್ರಲ್ಲಿ 2023ರ ಜುಲೈ 13ಕ್ಕೆ ಡಲ್ಲಾಸ್ ಪಕ್ಕದ ಗ್ರ್ಯಾಂಡ್ ಪ್ರೇರಿಯಲ್ಲಿ ಮೇಜರ್ ಲೀಗ್ ಕ್ರಿಕೆಟ್, ಅಂದ್ರೆ ಅಮೆರಿಕದ ಪ್ರೊಫೆಷನಲ್ ಟಿ20 ಲೀಗ್, ಶುರುವಾಯ್ತು. ಆ ಸ್ಟೇಡಿಯಂ 2008ರಲ್ಲಿ ಬೇಸ್‌ಬಾಲ್‌ಗೆ ಅಂತ ಕಟ್ಟಿದ್ದು, ಅಲ್ಲಿ ಆಡ್ತಿದ್ದ ಟೀಮ್ ನಿಂತುಹೋದ ಮೇಲೆ ಅದನ್ನ ಕ್ರಿಕೆಟ್‌ಗೆ ಬದಲಾಯಿಸಿದ್ರು, ಸುಮಾರು 7,200 ಸೀಟು. ನಾವು ಮೂರು ಕಾರು ಮಾಡ್ಕೊಂಡು ಹೋಗಿ ನೋಡಿದ್ವಿ. ಲೈಟ್ ಕೆಳಗೆ ನಿಜವಾದ ಹುಲ್ಲಿನ ಪಿಚ್, ನಿಜವಾದ ಬೌನ್ಸು, ಸುತ್ತ ನಮ್ಮಂಥದ್ದೇ ಮುಖಗಳು. ವಾಪಸ್ ಬರ್ತಾ ಕಾರಲ್ಲಿ ಒಬ್ರೂ ಮಾತಾಡ್ಲಿಲ್ಲ, ಎಲ್ರ ತಲೇಲೂ ಒಂದೇ ಓಡ್ತಿತ್ತು: ನಮ್ಮೂರಲ್ಲೂ ಒಂದು ಖಾಲಿ ಬೇಸ್‌ಬಾಲ್ ಪಾರ್ಕ್ ಇದೆಯಲ್ಲಾ.

ಹೌದು, ಇತ್ತು. 2021ರಲ್ಲಿ ಬೇಸ್‌ಬಾಲ್‌ನವರು ದೊಡ್ಡ ಲೀಗ್ ಕೆಳಗಿನ ತಮ್ಮ ಮೈನರ್ ಲೀಗ್ ಟೀಮ್‌ಗಳನ್ನ 160ರಿಂದ 120ಕ್ಕೆ ಇಳಿಸಿದ್ರು, ಅದರ ಜೊತೆಗೆ ಸ್ವತಂತ್ರ ಲೀಗ್‌ಗಳಲ್ಲೂ ಎಷ್ಟೋ ಟೀಮ್ ಮುಚ್ಚಿದ್ವು, ಹಾಗಾಗಿ ಸಣ್ಣ ಊರುಗಳಲ್ಲಿ ಇಂಥ ಪಾರ್ಕ್‌ಗಳು ಬಾಡಿಗೆದಾರರಿಲ್ಲದೆ ನಿಂತಿವೆ. ನಮ್ಮೂರಿನದು ನಗರಸಭೆ ಆಸ್ತಿ. ಟೀಮ್ ಹೋಗಿತ್ತು, ಕಟ್ಟೋಕೆ ತಂದ ಬಾಂಡ್ ಸಾಲ ಮಾತ್ರ ಜನರ ತೆರಿಗೆ ಮೇಲೆ ಉಳಿದಿತ್ತು. ಈ ಸಾಲದ ವಿಷಯ ನಾವು ಆಗ ಕಿವಿಗೇ ಹಾಕ್ಕೊಳ್ಳಲಿಲ್ಲ, ಮುಂದೆ ಇದೇ ನಮ್ಮನ್ನ ಹಿಡಿದು ನಿಲ್ಲಿಸ್ತು.

ದುಡ್ಡು ಹಾಕೋಕೆ ಮುಂದೆ ಬಂದವರು ಊರಿನ ಒಬ್ರು ಡಾಕ್ಟ್ರು, ಕರ್ನಾಟಕದವರೇ, ಅವರ ಜೊತೆ ಇನ್ನು ನಾಲ್ಕು ಜನ. ಒಳ್ಳೆ ಮನಸ್ಸಿನವರು, ಇದನ್ನ ಸ್ಪಷ್ಟವಾಗಿ ಹೇಳ್ಬೇಕು, ಯಾಕಂದ್ರೆ ಮುಂದೆ ತಪ್ಪು ನಿರ್ಧಾರಗಳ ಬಗ್ಗೆ ಬರೀತೀನಿ, ಅದು ದುರಾಸೆಯಿಂದ ಆದದ್ದಲ್ಲ. ಒಂದು ಪ್ರೊಫೆಷನಲ್ ಟೀಮ್‌ನ ನಮ್ಮೂರಿಗೆ ತರ್ಬೇಕು, ಅದಕ್ಕೆ ನೋಡೋಕೆ ಭರ್ಜರಿಯಾಗಿರೋ ಸ್ಟೇಡಿಯಂ ಬೇಕು, ಇದು ಅವರ ಲೆಕ್ಕ. ಮೊದಲ ಬಜೆಟ್ ಹಾಳೆ ಇನ್ನೂ ನನ್ನ ಹತ್ರ ಇದೆ. ಸೀಟು, ಬಾಕ್ಸು, ಸ್ಕೋರ್‌ಬೋರ್ಡು, ಲೈಟು, ಟಿವಿ ಕ್ಯಾಮೆರಾ ನಿಲ್ಲೋ ಅಟ್ಟಣಿಗೆ, ಎಲ್ಲಕ್ಕೂ ಬೇರೆ ಬೇರೆ ಸಾಲು. ಪಿಚ್ ಮತ್ತೆ ಔಟ್‌ಫೀಲ್ಡ್ ಎರಡೂ ಸೇರಿ ಕೊನೇಲಿ ಒಂದೇ ಸಾಲು, ‘ಟರ್ಫ್’ ಅಂತ.

ಮೊದಲ ತೊಡಕು ಜಾಗದ ಅಳತೆ. ಬೇಸ್‌ಬಾಲ್ ಮೈದಾನ ಅಂದ್ರೆ ಬೀಸಣಿಗೆ ಆಕಾರ, ಒಂದು ಮೂಲೆಯಲ್ಲಿ ಬ್ಯಾಟರ್ ನಿಲ್ಲೋ ಹೋಮ್ ಪ್ಲೇಟ್, ಅಲ್ಲಿಂದ ಎರಡು ಗೆರೆ ಬಿಚ್ಕೊಂಡು ಹೋಗುತ್ತೆ. ನಮ್ಮದರಲ್ಲಿ ನಡು ಬೇಲಿಗೆ 400 ಅಡಿ, ಗೆರೆ ಕೊನೆಗೆ 330. ಕೇಳೋಕೆ ದೊಡ್ಡದು. ಆದ್ರೆ ಕ್ರಿಕೆಟ್‌ಗೆ ಬೇಕಾಗೋದು ದುಂಡು ಜಾಗ, ಅಂತಾರಾಷ್ಟ್ರೀಯ ಮ್ಯಾಚಿಗಾದ್ರೆ ಪಿಚ್ ನಡುವಿನಿಂದ ಬೌಂಡರಿಗೆ ಕಡಿಮೆ ಅಂದ್ರೂ 65 ಗಜ, ಹೆಚ್ಚು ಅಂದ್ರೆ 90. ನಾನು ಒಂದು ರಾತ್ರಿ ಕೂತು ಆ ಬೀಸಣಿಗೆ ಒಳಗೆ ವೃತ್ತ ಕೂರಿಸಿ ನೋಡಿದ್ರೆ 55 ಗಜ ಮಾತ್ರ ಬಂತು, ಗೆರೆ ಆಚೆಗಿನ ಖಾಲಿ ಜಾಗ ಸೇರಿಸಿದ್ರೂ 65 ಮುಟ್ಟಲ್ಲ. ಅಂದ್ರೆ ಬೇಲಿ ಕೆಡವಲೇಬೇಕು, ಒಂದು ಪಕ್ಕದ ಸೀಟಿನ ಸಾಲೂ ಹೋಗ್ಬೇಕು. ಡಾಕ್ಟ್ರಿಗೆ ಹೇಳ್ದೆ, ಬೇಜಾರಾದ್ರೂ ಒಪ್ಕೊಂಡ್ರು.

ಎರಡನೇದು ಪಿಚ್ ಯಾವ ದಿಕ್ಕಿಗೆ ಅನ್ನೋದು, ಈ ಕೇಸಿನ ಮೊದಲ ತಿರುವು ಇದೇ. ಬೇಸ್‌ಬಾಲ್ ನಿಯಮದ ಪುಸ್ತಕದಲ್ಲೇ ಇದೆ, ಹೋಮ್ ಪ್ಲೇಟಿಂದ ನೇರ ಎದುರಿಗಿರೋ ಎರಡನೇ ಬೇಸ್‌ಗೆ ಹೋಗೋ ಗೆರೆ ಪೂರ್ವ-ಈಶಾನ್ಯದ ಕಡೆ ಇದ್ರೆ ಒಳ್ಳೇದು ಅಂತ, ಅಂದ್ರೆ ಸಂಜೆ ಬಿಸಿಲು ಬ್ಯಾಟರ್ ಬೆನ್ನಿಗೆ ಬೀಳ್ಬೇಕು. ಮೇನ್ ಸ್ಟ್ಯಾಂಡ್ ಇರೋದು ಆ ಪ್ಲೇಟ್ ಹಿಂದೆ, ಪಶ್ಚಿಮದ ಕಡೆ. ಕ್ರಿಕೆಟ್‌ನಲ್ಲಿ ಒಳ್ಳೆ ಸೀಟು ಅಂದ್ರೆ ಬೌಲರ್ ಕೈ ನೇರಕ್ಕೆ ಇರೋದು, ಹಾಗಾಗಿ ಆರ್ಕಿಟೆಕ್ಟ್ ಪಿಚ್‌ನ ಮೇನ್ ಸ್ಟ್ಯಾಂಡ್ ಕಡೆಗೇ ತಿರುಗಿಸಿ ಡ್ರಾಯಿಂಗ್ ಮಾಡಿದ್ದ. ಟಿವಿಗೂ ಚೆನ್ನ, ಟಿಕೆಟ್‌ಗೂ ಚೆನ್ನ. ಕ್ರಿಕೆಟ್ ಪಿಚ್ ಉತ್ತರ-ದಕ್ಷಿಣ ಇರ್ಬೇಕು ಅಂತ ನಾವು ಹೇಳಿದ್ರೆ ಅದು ಹಳೇ ಕಾಲದ ಮಾತು ಅನ್ನೋ ಥರ ನೋಡಿದ್ರು.

ನಮ್ಮ ಲೀಗ್‌ನಲ್ಲಿ ಗಯಾನಾ ಮೂಲದ ಒಬ್ರು ಹಿರಿಯರಿದ್ರು, ಎಲ್ರೂ ಅಂಕಲ್ ಅಂತಲೇ ಕರೆಯೋದು. ಅಲ್ಲಿದ್ದಾಗ ಗ್ರೌಂಡ್ಸ್‌ಮನ್, ಅಂದ್ರೆ ಪಿಚ್ ಮೈದಾನ ನೋಡ್ಕೊಳ್ಳೋರು, ಆಗಿದ್ದವರು. ಅವರು ವಾದ ಮಾಡ್ಲಿಲ್ಲ. ಸೆಪ್ಟೆಂಬರ್ ಕೊನೆಯ ಒಂದು ಸಂಜೆ, ಆರೂಕಾಲರ ಹೊತ್ತಿಗೆ, ಡಾಕ್ಟ್ರನ್ನ ಮೈದಾನಕ್ಕೆ ಕರೆಸಿ, ಡ್ರಾಯಿಂಗ್ ಪ್ರಕಾರ ಎರಡೂ ಕಡೆ ಸ್ಟಂಪ್ ನೆಟ್ಟು, ಕೈಗೆ ಬ್ಯಾಟ್ ಕೊಟ್ಟು ಸ್ಟ್ಯಾಂಡ್‌ಗೆ ಮುಖ ಮಾಡಿ ನಿಲ್ಲಿಸಿದ್ರು. ಆ ಕಡೆಯಿಂದ ಹಳೇ ಟೆನಿಸ್ ಬಾಲ್ ಎಸೆದ್ರು. ಡಾಕ್ಟ್ರು ಕಣ್ಣ ಮೇಲೆ ಕೈ ಅಡ್ಡ ಹಿಡಿದ್ರು, ಬಾಲ್ ಭುಜಕ್ಕೆ ಬಡಿದು ಕೆಳಗೆ ಬಿತ್ತು. ಇನ್ನೊಂದು ಎಸೆದ್ರು, ಅದೂ ಕಾಣ್ಲಿಲ್ಲ. ಅಂಕಲ್ ಹತ್ರ ಬಂದು, “ಇದು ಟೆನಿಸ್ ಬಾಲ್, ಡಾಕ್ಟರ್” ಅಂದ್ರು, ಅಷ್ಟೇ. ಡಾಕ್ಟ್ರು ಅಲ್ಲೇ ನಿಂತು ಆರ್ಕಿಟೆಕ್ಟ್‌ಗೆ ಫೋನ್ ಮಾಡಿ ಪಿಚ್ ತಿರುಗಿಸಿ ಅಂದ್ರು. ಮೇನ್ ಸ್ಟ್ಯಾಂಡ್‌ನವರು ಈಗ ಸ್ಕ್ವೇರ್ ಲೆಗ್ ಕಡೆಯಿಂದ, ಅಂದ್ರೆ ಪಿಚ್ ಪಕ್ಕದಿಂದ, ಆಟ ನೋಡ್ತಾರೆ. ದುಬಾರಿ ಟಿಕೆಟ್ ಮಾರೋಕೆ ಕಷ್ಟ ಆಯ್ತು ನಿಜ, ಆದ್ರೆ ಆ ನಿರ್ಧಾರ ಸರಿ.

ಆಮೇಲೆ ನಗರಸಭೆಯ ಸಾರ್ವಜನಿಕ ವಿಚಾರಣೆ. ಒಬ್ಬೊಬ್ರಿಗೆ ಮೂರು ನಿಮಿಷ ಮಾತು. ನಮ್ಮ ಕಡೆಯಿಂದ ಕ್ರಿಕೆಟ್ ಅಂದ್ರೆ ಪ್ರಪಂಚದ ಎರಡನೇ ದೊಡ್ಡ ಆಟ, ಒಲಿಂಪಿಕ್ಸ್‌ಗೆ ಬರ್ತಿದೆ ಅಂತೆಲ್ಲ ಸ್ಲೈಡ್ ಹಾಕಿದ್ರು. ಜನ ಕೇಳಿದ್ದು ಬೇರೇನೇ: ಲೈಟ್ ಎಷ್ಟು ಹೊತ್ತಿಗೆ ಆರ್ಸ್ತೀರ, ಢೋಲು ಎಷ್ಟು ಹೊತ್ತಿನವರೆಗೆ, ನಮ್ಮ ಬೀದೀಲಿ ಕಾರು ನಿಲ್ಲಿಸಲ್ಲ ಅಂತ ಏನು ಗ್ಯಾರಂಟಿ. ಒಬ್ಬ ಅಜ್ಜಿ ಎದ್ದು ನಿಂತು, ನನಗೆ ನಿಮ್ಮ ಆಟದ ಮೇಲೆ ಏನೂ ಸಿಟ್ಟಿಲ್ಲ, ಬೇಸ್‌ಬಾಲ್‌ನವರು ಬಂದಾಗಲೂ ಇದೇ ಹಾಲ್‌ನಲ್ಲಿ ಇದೇ ಥರ ಚಿತ್ರ ತೋರಿಸಿದ್ರು, ಅವರು ಹೋದ್ರು, ಸಾಲ ಇನ್ನೂ ನಾನು ಕಟ್ತಿದೀನಿ ಅಂದ್ರು. ಅದಕ್ಕೆ ನಮ್ಮ ಹತ್ರ ಸ್ಲೈಡ್ ಇರ್ಲಿಲ್ಲ. ನನಗಂತೂ ಆ ಮಾತು ಚುಚ್ಚಿತು, ಯಾಕಂದ್ರೆ ಅವರು ಹೇಳಿದ್ದು ನೂರಕ್ಕೆ ನೂರು ನಿಜ. ನ್ಯೂಯಾರ್ಕ್‌ನಲ್ಲೂ 2024ರ ಟಿ20 ವಿಶ್ವಕಪ್ ಸ್ಟೇಡಿಯಂ ಮೊದ್ಲು ಬ್ರಾಂಕ್ಸ್‌ನ ವ್ಯಾನ್ ಕಾರ್ಟ್‌ಲ್ಯಾಂಡ್ ಪಾರ್ಕ್‌ಗೆ ಅಂತ ಹೊರಟಿತ್ತು, ಅಲ್ಲಿನ ಜನ ವಿರೋಧಿಸಿದ್ರು, ವಿರೋಧಿಸಿದವರಲ್ಲಿ ಅದೇ ಪಾರ್ಕ್‌ನಲ್ಲಿ ವರ್ಷಗಳಿಂದ ಕ್ರಿಕೆಟ್ ಆಡ್ತಿದ್ದವರೂ ಇದ್ರು, ಕೊನೆಗೆ ಅದು ಲಾಂಗ್ ಐಲೆಂಡ್‌ನ ಐಸೆನ್‌ಹೋವರ್ ಪಾರ್ಕ್‌ಗೆ ಹೋಯ್ತು.

ನಮ್ಮಲ್ಲಿ ಪಾಸಾಯ್ತು, ಆದ್ರೆ ಷರತ್ತಿನ ಮೇಲೆ. ನಗರಸಭೆ ಹೊಸ ಸಾಲ ಮಾಡಲ್ಲ, ಲೈಟು ಧ್ವನಿ ಎರಡಕ್ಕೂ ಸಮಯದ ಮಿತಿ, ಹೈಸ್ಕೂಲ್ ಗ್ರ್ಯಾಜುಯೇಶನ್ ಮತ್ತೆ ಮಕ್ಕಳ ಸಾಕರ್‌ಗೆ ಔಟ್‌ಫೀಲ್ಡ್ ಕೊಡ್ಬೇಕು. ಆವತ್ತು ಇದನ್ನೆಲ್ಲ ಸೋಲು ಅಂತ ಅಂದ್ಕೊಂಡ್ವಿ.

ಈಗ ಮಣ್ಣಿನ ವಿಷಯಕ್ಕೆ ಬರ್ತೀನಿ, ಈ ಕೇಸ್ ಬರೆಯೋಕೆ ಕಾರಣವೇ ಅದು.

ಸೀಟು, ಲೈಟಿಗೆಲ್ಲ ಅಡ್ವಾನ್ಸ್ ಕೊಟ್ಟಾದ ಮೇಲೆ ‘ಟರ್ಫ್’ ಸಾಲಿಗೆ ಉಳಿದದ್ದು ಕಡಿಮೆ. ಕಾಂಟ್ರ್ಯಾಕ್ಟ್ ಹಿಡಿದವರು ಗಾಲ್ಫ್ ಗ್ರೀನ್ ಮಾಡೋದ್ರಲ್ಲಿ ಪಳಗಿದವರು, ಕೆಲಸ ಅಚ್ಚುಕಟ್ಟು. ಆದ್ರೆ ಗಾಲ್ಫ್‌ನಲ್ಲಾಗಲಿ ಅಮೆರಿಕದ ಬಹುತೇಕ ಆಟದ ಮೈದಾನಗಳಲ್ಲಾಗಲಿ ಗುರಿ ಒಂದೇ, ನೀರು ಬಿದ್ದ ತಕ್ಷಣ ಕೆಳಗಿಳೀಬೇಕು, ಅದಕ್ಕೆ ಮರಳಿನ ಹಾಸು. ಕ್ರಿಕೆಟ್ ಔಟ್‌ಫೀಲ್ಡಿಗೂ ಅದೇ ಸರಿ. ಆದ್ರೆ ಆ 22 ಗಜದ ಪಟ್ಟಿಗೆ ಬೇಕಾಗಿರೋದು ತದ್ವಿರುದ್ಧ: ಅರ್ಧಕ್ಕಿಂತ ಹೆಚ್ಚು ಜೇಡಿ ಇರೋ ಮಣ್ಣು, ನೀರು ಹಿಡ್ಕೊಂಡು ನಿಧಾನಕ್ಕೆ ಒಣಗ್ಬೇಕು, ಒಣಗ್ತಾ ಗಟ್ಟಿಯಾಗ್ಬೇಕು, ಹುಲ್ಲಿನ ಬೇರು ಒಳಗೆ ಇಳಿದು ಅದನ್ನ ಹೆಣೆದಿಡ್ಬೇಕು, ಮೇಲೆ ವಾರಗಟ್ಟಲೆ ರೋಲರ್ ಓಡ್ಬೇಕು. ಒಂದೇ ಮೈದಾನದಲ್ಲಿ ಎರಡು ಥರದ ಮಣ್ಣು ಸಂಸಾರ ಮಾಡ್ಬೇಕು. ಅಂಕಲ್ ಇದನ್ನ ಎರಡು ಮೀಟಿಂಗ್‌ನಲ್ಲಿ ಹೇಳಿದ್ರು. ನೀರಿನ ಇಂಜಿನಿಯರ್ ಆದ ನಾನೇ ಅವರಿಗೆ ಅಡ್ಡ ಮಾತಾಡಿದೆ, ಗುಡುಗು ಮಳೆ ಬರೋ ಊರು ಇದು, ಸ್ಕ್ವೇರ್, ಅಂದ್ರೆ ಪಿಚ್ ಇರೋ ನಡುವಿನ ಚೌಕ, ಅದರ ಕೆಳಗೂ ಮರಳಿದ್ರೆ ಒಳ್ಳೇದಲ್ವಾ ಅಂತ. ಫ್ಲೋರಿಡಾದ ಲಾಡರ್‌ಹಿಲ್ ಮೈದಾನದಲ್ಲಿ ಮಳೆಗೆ ಆಟ ನಿಂತದ್ದು ನೋಡಿದ್ದೆ, ನನಗೆ ನೀರಿನದೇ ಭಯ. ಅಂಕಲ್ ಮಾತನ್ನ ಕಮಿಟಿ ಬದಿಗಿಟ್ಟಿತು, ಅದರಲ್ಲಿ ನನ್ನ ಪಾಲೂ ಇದೆ.

ಮರಳಿನ ಹಾಸಿನ ಮೇಲೆ ನಾಲ್ಕು ಬೆರಳು ದಪ್ಪ ಮರಳು ಬೆರೆಸಿದ ಜೇಡಿ, ಅದರ ಮೇಲೆ ರೋಲ್‌ನಲ್ಲಿ ತಂದ ಬರ್ಮುಡಾ ಹುಲ್ಲು. ಬರ್ಮುಡಾ ಅಂದ್ರೆ ಬೇರೆ ಏನಲ್ಲ, ನಾವು ಗಣಪತಿಗೆ ಏರಿಸೋ ಗರಿಕೆ ಜಾತೀದೇ. ಗರಿಕೆಗೆ ಶಕ್ತಿ ಇರೋದು ಬೇರಲ್ಲಿ. ರೋಲ್‌ನಲ್ಲಿ ಬಂದ ಹುಲ್ಲಿಗೆ ಬೇರು ಇಳಿಸೋಕೆ ನಾವು ಕೊಟ್ಟದ್ದು ಕೆಲವೇ ವಾರ.

2024ರ ಜೂನ್ ಮೊದಲ ವಾರ ಟ್ರಯಲ್ ಮ್ಯಾಚು. ಎರಡನೇ ಓವರ್‌ನಲ್ಲಿ ಗುಡ್ ಲೆಂತ್‌ಗೆ ಬಿದ್ದ ಬಾಲ್ ಮೀನಖಂಡದ ಕೆಳಗೆ ನುಸುಳಿ ಸ್ಟಂಪ್‌ಗೆ ಹೋಯ್ತು, ಅದೇ ಜಾಗಕ್ಕೆ ಬಿದ್ದ ಮುಂದಿನದು ಎದ್ದು ಗ್ಲೌಸ್‌ಗೆ ಬಡೀತು. ಆ ಹುಡುಗನ ಬೆರಳು ಮುರೀತು. ಹನ್ನೊಂದು ಓವರ್‌ಗೆ ನಾವೇ ನಿಲ್ಲಿಸಿದ್ವಿ. ಅದೇ ವಾರ ಟಿವಿಯಲ್ಲಿ ನ್ಯೂಯಾರ್ಕ್‌ನ ನಾಸೌ ಕೌಂಟಿ ಸ್ಟೇಡಿಯಂ. 34,000 ಸೀಟು, ಕೆಲವೇ ತಿಂಗಳಲ್ಲಿ ಎದ್ದು ನಿಂತದ್ದು, ಕಣ್ಣು ತುಂಬೋ ಥರ ಇತ್ತು. ಪಿಚ್ ಅಡಿಲೇಡ್‌ನ ಪರಿಣತರು ಟ್ರೇಗಳಲ್ಲಿ ಫ್ಲೋರಿಡಾದಲ್ಲಿ ಬೆಳೆಸಿ ಟ್ರಕ್‌ನಲ್ಲಿ ಸಾವಿರ ಮೈಲಿಗಿಂತ ಹೆಚ್ಚು ದೂರ ತಂದು ಕೂರಿಸಿದ್ದು. ಕೆಲಸ ಗೊತ್ತಿದ್ದವರೇ ಮಾಡಿದ್ದು, ಆದ್ರೂ ಆ ನೆಲದಲ್ಲಿ ಕೂತು ಪಳಗೋಕೆ ಟೈಮ್ ಸಿಗ್ಲಿಲ್ಲ. ಜೂನ್ 3ಕ್ಕೆ ಶ್ರೀಲಂಕಾ 77ಕ್ಕೆ ಆಲೌಟ್, 5ಕ್ಕೆ ಐರ್ಲೆಂಡ್ 96ಕ್ಕೆ ಆಲೌಟ್, ರೋಹಿತ್ ಶರ್ಮಾ ತೋಳಿಗೆ ಏಟು ತಿಂದು ಆಟ ಬಿಟ್ಟು ಹೊರಗೆ ಬಂದ್ರು. ಪಿಚ್ ನಾವು ಬಯಸಿದಷ್ಟು ಒಂದೇ ಸಮ ಆಡ್ಲಿಲ್ಲ ಅಂತ ಐಸಿಸಿನೇ ಹೇಳ್ಬೇಕಾಯ್ತು. ಅಲ್ಲಿ ನಡೆದ ಎಂಟು ಮ್ಯಾಚಲ್ಲಿ ಯಾವ ಟೀಮೂ 137 ದಾಟ್ಲಿಲ್ಲ.

ಅದೇ ಜೂನ್ 6ಕ್ಕೆ ಗ್ರ್ಯಾಂಡ್ ಪ್ರೇರಿಯಲ್ಲಿ ಅಮೆರಿಕ ಪಾಕಿಸ್ತಾನನ ಸೂಪರ್ ಓವರ್‌ನಲ್ಲಿ ಸೋಲಿಸ್ತು. ಚಿಕ್ಕಮಗಳೂರಿನ ಕಾಫಿ ತೋಟದ ಮನೆತನದ ನಾಸ್ತುಶ್ ಕೆಂಜಿಗೆ 30 ರನ್‌ಗೆ 3 ವಿಕೆಟ್ ತೆಗೆದ್ರು. ನಾವು ಮನೆ ಹಾಲಲ್ಲಿ ಕುಣಿದಾಡಿದ್ವಿ, ಕುಣಿತಾ ಇರೋವಾಗಲೇ ಡಾಕ್ಟ್ರು ನನ್ನ ಕಡೆ ತಿರುಗಿ, “ಅಲ್ಲಾ ರೀ ಇಂಜಿನಿಯರ್ರೇ, ಆ ಪಿಚ್‌ಗೂ ನಮ್ಮದಕ್ಕೂ ಏನ್ರೀ ವ್ಯತ್ಯಾಸ, ಎರಡೂ ಹುಲ್ಲೇ ತಾನೆ” ಅಂದ್ರು. ನಾನು, “ಡಾಕ್ಟ್ರೇ, ನಾಳೆ ಅಂಕಲ್ ಮನೆಗೆ ಹೋಗೋಣ, ನನಗೂ ತಿಳ್ಕೋಬೇಕು” ಅಂದೆ.

ಅಂಕಲ್ ಗ್ಯಾರೇಜ್‌ನಲ್ಲಿ ಒಂದು ಮೊಟ್ಟೆ ಟ್ರೇ, ಅದರ ತುಂಬ ದೊಡ್ಡ ಗೋಲಿ ಗಾತ್ರದ ಮಣ್ಣಿನ ಉಂಡೆಗಳು, ನಾಲ್ಕೈದು ದಿನ ನೆರಳಲ್ಲಿ ಒಣಗಿಸಿಟ್ಟಿದ್ರು. ಒಂದು ಸಾಲು ನಮ್ಮ ಸ್ಕ್ವೇರ್‌ನಿಂದ ತಂದದ್ದು, ಇನ್ನೊಂದು ಊರಾಚೆಯ ಹೊಲದ ಕರಿಮಣ್ಣು ಜರಡಿ ಹಿಡಿದು ಮಾಡಿದ್ದು. ನಮ್ಮ ಉಂಡೆನ ಡಾಕ್ಟ್ರ ಕೈಗೆ ಕೊಟ್ರು, ಎರಡು ಬೆರಳಲ್ಲಿ ಒತ್ತಿದ್ರೆ ಪುಡಿ. ಇನ್ನೊಂದನ್ನ ಬಾತ್‌ರೂಮ್ ತೂಕದ ಮಷೀನ್ ಮೇಲಿಟ್ಟು ಮರದ ತುಂಡು ಹಿಡಿದು ಮೇಲಿಂದ ಭಾರ ಬಿಟ್ರು, ಮುಳ್ಳು 90 ಪೌಂಡ್ ದಾಟ್ತು, ಅಂದ್ರೆ 40 ಕಿಲೋ ಮೇಲೆ, ಆಮೇಲೆ ಪಟ್ ಅಂತ ಒಡೀತು. ಇದು ಅವರು ಕಂಡುಹಿಡಿದದ್ದಲ್ಲ, ಪಿಚ್ ಮಣ್ಣು ಪರೀಕ್ಷೆ ಮಾಡೋ ಹಳೇ ವಿಧಾನ. ನಾನು ಆ ಕರಿ ಪುಡಿನ ಮೂಗಿನ ಹತ್ರ ಹಿಡಿದೆ, ಹುಬ್ಬಳ್ಳಿ ಗದಗ ಕಡೆಯ ಎರೆಮಣ್ಣಿನ ಥರಾನೇ, ನೀರು ಬಿದ್ರೆ ಉಬ್ಬುತ್ತೆ, ಒಣಗಿದ್ರೆ ಕುಗ್ಗಿ ಕಲ್ಲಾಗುತ್ತೆ. ಈ ಊರಲ್ಲಿ ಮನೆ ಕಟ್ಟೋರೆಲ್ಲ ಪಾಯ ಬಿರುಕು ಬಿಡುತ್ತೆ ಅಂತ ಶಾಪ ಹಾಕೋ ಮಣ್ಣು ಅದು.

ಎರಡನೇ ತಿರುವು ಮುಂದಿನ ಮೀಟಿಂಗು. ಜುಲೈನಲ್ಲಿ ಪ್ರದರ್ಶನ ಪಂದ್ಯ ಇತ್ತು, ಟಿಕೆಟ್ ಮಾರಾಟ ಆಗಿತ್ತು, ಸ್ಪಾನ್ಸರ್ ದುಡ್ಡು ಬಂದಿತ್ತು. ದಾರಿ ಎರಡೇ: ಮೇಲೆ ಮ್ಯಾಟ್ ಹಾಸಿ ಹೇಗೋ ಆಡಿಸಿಬಿಡೋದು, ಅಥವಾ ಎಲ್ಲ ವಾಪಸ್ ಕೊಟ್ಟು ಸ್ಕ್ವೇರ್ ಅಗೆಯೋದು. ಮೂರು ಗಂಟೆ ಜಗಳ ಆಯ್ತು. ಬೆರಳು ಮುರಿದ ಹುಡುಗನೂ ಬಂದಿದ್ದ, ಬ್ಯಾಂಡೇಜ್ ಕೈ ಮೇಜಿನ ಮೇಲಿಟ್ಟು ಸುಮ್ಮನೆ ಕೂತಿದ್ದ. ಅಗೆಯೋಣ ಅಂತ ತೀರ್ಮಾನ ಆಯ್ತು. ಇಬ್ರು ಪಾಲುದಾರರು ಹೊರಗೆ ಹೋದ್ರು. ಮಾತುಕತೆಯಲ್ಲಿದ್ದ ಪ್ರೊಫೆಷನಲ್ ಟೀಮ್ ಬೇರೆ ಊರು ನೋಡ್ಕೊಂಡಿತು.

ಅಗೆದ ಮೇಲಿನ ಕೆಲಸ ಅಂಕಲ್ ಹೇಳಿದ ಹಾಗೆ. ಕರಿಮಣ್ಣಲ್ಲಿ ಸುಣ್ಣದ ಗರಸು ಇರುತ್ತೆ, ಅದನ್ನ ಜರಡಿ ಹಿಡಿದು ತೆಗೆದದ್ದು. ಎಂಟು ಇಂಚು ಒಂದೇ ಸಲ ಸುರಿಯದೆ ತೆಳುವಾಗಿ ಒಂದೊಂದೇ ಪದರ, ಪ್ರತಿ ಪದರ ಹದವಾಗಿ ತೇವ ಇರುವಾಗ ಒತ್ತೋದು, ಮುಂದಿನದು ಹಾಕೋ ಮೊದ್ಲು ಮೇಲ್ಮೈನ ಕುಂಟೆಯಲ್ಲಿ ಗೀಚೋದು, ಇಲ್ಲಾಂದ್ರೆ ಪದರ ಪದರ ಬಿಟ್ಕೊಂಡು ಒಳಗೆ ಟೊಳ್ಳಾಗಿ ಮತ್ತೆ ಅದೇ ಎರಡು ಥರದ ಬೌನ್ಸು. ಸ್ಕ್ವೇರ್ ಸುತ್ತ ನೀರು ಹಿಡಿಯೋ ಕಾಲುವೆ ನನ್ನ ಕೆಲಸ, ಈ ಸಲ ಮರಳು ಔಟ್‌ಫೀಲ್ಡ್‌ಗೆ ಮಾತ್ರ. ಅದೇ ಜೂನ್‌ನಲ್ಲಿ ಲಾಡರ್‌ಹಿಲ್‌ನ ನಾಲ್ಕು ವಿಶ್ವಕಪ್ ಮ್ಯಾಚಲ್ಲಿ ಮೂರು ನೀರುಪಾಲಾಗಿದ್ವು, ಹಾಗಾಗಿ ಔಟ್‌ಫೀಲ್ಡ್ ಬಗ್ಗೆ ನನ್ನ ಭಯ ಸುಳ್ಳಲ್ಲ, ಭಯ ಪಟ್ಟ ಜಾಗ ತಪ್ಪು. ನಮ್ಮ ಚಿನ್ನಸ್ವಾಮಿಯಲ್ಲಿ 2017ರಲ್ಲಿ ನೆಲದೊಳಗಿಂದ ನೀರು ಎಳೆಯೋ ಸಬ್‌ಏರ್ ಹಾಕಿದ್ರಲ್ಲ, ಅದು ಅಮೆರಿಕದ ಗಾಲ್ಫ್ ಮೈದಾನಗಳಿಂದ ಬಂದ ತಂತ್ರ, 2024ರ ಮೇ 18ರ ಆರ್‌ಸಿಬಿ-ಚೆನ್ನೈ ಮ್ಯಾಚ್ ಮಳೆ ಬಂದ್ರೂ ಮುಗಿದದ್ದರಲ್ಲಿ ಅದರ ಪಾಲೂ ಇದೆ. ಅಮೆರಿಕದಲ್ಲಿ ಹುಟ್ಟಿದ ಆ ಯಂತ್ರ ಅಮೆರಿಕದ ಕ್ರಿಕೆಟ್‌ಗೂ ಬರ್ಲಿ ಅಂತ ನನಗೆ ತುಂಬಾ ಆಸೆ, ನಮ್ಮ ಬಜೆಟ್‌ಗೆ ಮಾತ್ರ ಎಟುಕಲಿಲ್ಲ.

ಚಳಿಗಾಲದಲ್ಲಿ ಗರಿಕೆ ಒಣಗಿ ಕಂದಾಗಿ ಮಲಗ್ತು, ಡಾಕ್ಟ್ರು ವಾರಕ್ಕೊಂದ್ಸಲ ಫೋನ್ ಮಾಡಿ ಸತ್ತುಹೋಯ್ತಾ ಅಂತ ಕೇಳೋರು. ಮಾರ್ಚ್‌ನಲ್ಲಿ ಚಿಗುರಿತು. ಏಪ್ರಿಲ್ ಪೂರ್ತಿ ರೋಲರ್. 2025ರ ಮೇನಲ್ಲಿ ಲೀಗ್ ಮ್ಯಾಚು, ಮೊದಲ ಬಾಲ್ ಕೀಪರ್ ಎದೆ ಎತ್ತರಕ್ಕೆ ಹೋಗಿ ಗ್ಲೌಸ್‌ಗೆ ಬಿದ್ದ ಸದ್ದು ಬೌಂಡರಿ ಹತ್ರ ನಿಂತ ನನಗೆ ಕೇಳಿಸ್ತು.

ಇದರಿಂದ ಬೇರೆಯವರು ಏನು ತಗೋಬಹುದು ಅಂದ್ರೆ, ನನ್ನ ಲೆಕ್ಕದಲ್ಲಿ ನಮ್ಮ ಮೂಲ ತಪ್ಪು ಮರಳಲ್ಲ, ಆ ಬಜೆಟ್ ಹಾಳೆಯ ಸಾಲುಗಳ ಕ್ರಮ. ಸೀಟು ಬಾಡಿಗೆಗೆ ಸಿಗುತ್ತೆ, ನಾಸೌದಲ್ಲೂ ತಂದು ಜೋಡಿಸಿ ವಿಶ್ವಕಪ್ ಆದ್ಮೇಲೆ ಬಿಚ್ಕೊಂಡು ಹೋದ್ರು, 2028ರ ಒಲಿಂಪಿಕ್ಸ್‌ಗೆ ಲಾಸ್ ಏಂಜಲೀಸ್ ಹತ್ರದ ಪೊಮೋನಾದಲ್ಲಿ ಬರೋದೂ ತಾತ್ಕಾಲಿಕ ಮೈದಾನವೇ. ಪಿಚ್‌ಗೆ ಬೇಕಾದ ಒಂದು ಚಳಿಗಾಲ, ಒಂದು ವಸಂತ ಯಾರ ಹತ್ರಾನೂ ಬಾಡಿಗೆಗೆ ಸಿಗಲ್ಲ. ಪಿಚ್ ಮಾಡಿ ನೋಡ್ಕೊಳ್ಳೋ ಕ್ಯುರೇಟರ್‌ನ ಮೊದಲ ದಿನವೇ ಸಂಬಳಕ್ಕೆ ತಗೊಂಡು ಆರ್ಕಿಟೆಕ್ಟ್ ಪಕ್ಕ ಕೂರಿಸಿದ್ರೆ ದಿಕ್ಕಿನ ತಪ್ಪು, ಮಣ್ಣಿನ ತಪ್ಪು ಎರಡೂ ಪೇಪರ್ ಮೇಲೇ ಮುಗೀತಿತ್ತು. ನಗರಸಭೆ ಷರತ್ತುಗಳನ್ನ ಸೋಲು ಅಂದ್ವಲ್ಲ, ಪ್ರೊ ಟೀಮ್ ಕೈಬಿಟ್ಟ ಮೇಲೆ ಮೈದಾನ ಉಳಿದದ್ದೇ ಆ ಷರತ್ತಿನಿಂದ: ಹೊಸ ಸಾಲ ಇರ್ಲಿಲ್ಲ, ಸಾಕರ್ ಮತ್ತೆ ಸ್ಕೂಲ್‌ನವರ ಬಳಕೆ ಇತ್ತು, ಹಾಗಾಗಿ ಮುಚ್ಚಿ ಅಂತ ಯಾರೂ ಹೇಳ್ಲಿಲ್ಲ. ಬೇಸ್‌ಬಾಲ್ ಜಾಗದಲ್ಲಿ ಕ್ರಿಕೆಟ್ ಆಗಲ್ಲ ಅಂತ ಯಾರೂ ಓದ್ಕೋಬೇಡಿ, 2025ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಕೊಲಿಸಿಯಂನಲ್ಲಿ ನ್ಯೂಜಿಲೆಂಡ್‌ನ ಫಿನ್ ಅಲೆನ್ 19 ಸಿಕ್ಸರ್ ಹೊಡೆದು 151 ಮಾಡಿದ್ದು ಬೇಸ್‌ಬಾಲ್ ಟೀಮ್ ಬಿಟ್ಟುಹೋದ ಜಾಗದಲ್ಲೇ.

ಈಗ ನಮ್ಮಲ್ಲಿ ಹುಲ್ಲಿನ ಪಿಚ್ ಎರಡು ಇವೆ, ಒಂದು ಆಡುವಾಗ ಇನ್ನೊಂದು ಸುಧಾರಿಸಿಕೊಳ್ಳುತ್ತೆ. ಅಂಕಲ್ ಸಂಬಳದ ಕ್ಯುರೇಟರ್, ಅವರ ಕೈಕೆಳಗೆ ಇಬ್ರು ಹೈಸ್ಕೂಲ್ ಹುಡುಗರು ಕೆಲಸ ಕಲೀತಿದಾರೆ, ಒಬ್ಬ ಬೇಸ್‌ಬಾಲ್ ಆಡೋನು, ಕ್ರಿಕೆಟ್ ಬ್ಯಾಟ್ ಮುಟ್ಟಿದವನಲ್ಲ, ರೋಲರ್ ಮಾತ್ರ ಯಾರಿಗೂ ಬಿಟ್ಟುಕೊಡಲ್ಲ. ಬಾಕ್ಸ್ ಸೀಟುಗಳು ಇನ್ನೂ ಬಂದಿಲ್ಲ. ಮುಂದಿನ ವರ್ಷ ಲೀಸ್ ನವೀಕರಣಕ್ಕೆ ಮತ್ತೆ ಅದೇ ಹಾಲ್‌ಗೆ ಹೋಗ್ಬೇಕು. ಈ ಸಲ ಸ್ಲೈಡ್ ಮಾಡಲ್ಲ, ಅದಕ್ಕೆ ಮುಂಚಿನ ಶನಿವಾರದ ಮ್ಯಾಚಿಗೆ ಆ ಅಜ್ಜಿಯನ್ನ ಕರೀಬೇಕು ಅಂತ ಡಾಕ್ಟ್ರು ಈಗ್ಲೇ ಹೇಳಿಟ್ಟಿದಾರೆ.